ಎಸೆತಕ್ಕೊಂದು ಕೊಸರು

ನನಗೆ ಸಿಟ್ಟು ಬೇಗ ಬರುತ್ತೆ. ಇದನ್ನ ಮೊದಲೇ ಹೇಳಿಬಿಡೋದು ವಾಸಿ. ಈಗ ಹೇಳೋ ಸಂಗತಿಯಲ್ಲಿ ನಾನು ಒಂದು ಗೋಡೆ ಗಡಿಯಾರಕ್ಕೆ ಬೈದಿದ್ದೀನಿ, ಹೆತ್ತ ಅಪ್ಪನಿಗೆ ಬೈದಿದ್ದೀನಿ, ಮುಖ ನೋಡದ ಯಾವನೋ ಹೊರದೇಶದವನಿಗೆ ಮೇಲ್ ಬರೆದು ಬೈದಿದ್ದೀನಿ. ಮೂರು ಕಡೆಯೂ ತಪ್ಪು ನನ್ನದೇ ಆಗಿತ್ತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿರಬೇಕು. ತಿಪಟೂರಿನಲ್ಲಿ ಕಾಯಿ ಮಂಡಿಗಳಿದ್ದ ಬೀದಿಯಲ್ಲಿ ನಮ್ಮ ಅಬ್ಬಾದು ಗಡಿಯಾರ ರಿಪೇರಿ ಅಂಗಡಿ. ಅದರ ಮೇಲೆ ತೊಲೆಗೆ ಹಲಗೆ ಹೊಡೆದು ಮಾಡಿದ ಒಂದು ಅಟ್ಟ. ಆ ಅಟ್ಟದಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇಟ್ಕೊಂಡು ನಾನು ಟೈಪಿಂಗ್ ಹೇಳಿಕೊಡ್ತಿದ್ದೆ. ಹಲಗೆ ಎಷ್ಟು ತೆಳುವು ಅಂದ್ರೆ, ಮೇಲೆ ಯಾರಾದ್ರೂ ಸೀನಿದರೆ ಕೆಳಗಿಂದ ಅಬ್ಬಾ ದುವಾ ಹೇಳ್ತಿದ್ದರು. ಮನೆಯಲ್ಲಿ ನಮ್ಮದು ಉರ್ದು. ಆದರೆ ಅಬ್ಬಾ ಗಿರಾಕಿಗಳ ಜೊತೆ, ಗಡಿಯಾರಗಳ ಜೊತೆ, ಅಂಗಡಿಯಲ್ಲಿದ್ದಾಗ ನನ್ನ ಜೊತೆಯೂ ಕನ್ನಡದಲ್ಲೇ ಮಾತಾಡೋರು.

ಅಬ್ಬಾನ ಧರ್ಮ ಒಂದೇ: ಗಡಿಯಾರ ಹಿಂದೆ ಬಿದ್ದರೂ ಸುಳ್ಳು, ಮುಂದೆ ಓಡಿದರೂ ಸುಳ್ಳು. ಒಮ್ಮೆ ತುರುವೇಕೆರೆ ಕಡೆಯ ಮೇಷ್ಟ್ರೊಬ್ಬರು ವಾಚು ಕೊಟ್ಟು, "ಸಾಬ್ರೇ, ಹಂಗೇ ಒಂದೈದು ನಿಮಿಷ ಮುಂದಿಟ್ಟು ಕೊಡಿ, ದಿನಾ ಬಸ್ ತಪ್ಪೋಗ್ತೈತೆ" ಅಂದರು. ಅಬ್ಬಾ ವಾಚನ್ನ ಅವರ ಕೈಗೇ ವಾಪಸ್ ಇಟ್ಟರು. "ಬಸ್ ಬೇಕಾದ್ರೆ ಬೇಗ ಏಳಿ ಮೇಷ್ಟ್ರೇ. ಸುಳ್ಳು ಹೇಳೋ ಗಡಿಯಾರ ನನ್ನ ಅಂಗಡಿಯಿಂದ ಆಚೆ ಹೋಗಲ್ಲ." ಮೇಷ್ಟ್ರು ಮುಖ ಊದಿಸಿಕೊಂಡು ಬೇರೆ ಅಂಗಡಿಗೆ ಹೋದರು. ಅಬ್ಬಾ ಅವತ್ತು ಮಧ್ಯಾಹ್ನ ಎರಡು ತುತ್ತು ಜಾಸ್ತಿಯೇ ಉಂಡರು.

ನನ್ನ ಹತ್ತಿರ ಕಲಿಯೋಕೆ ಬರ್ತಿದ್ದವರೆಲ್ಲ ಪಿಯುಸಿ ಮುಗಿಸಿದ ಹುಡುಗೀರು. ಅವರ ಮಧ್ಯೆ ಒಬ್ಬಳೇ ಒಬ್ಬಳು ನನಗಿಂತ ದೊಡ್ಡವಳು. ಹಾಲ್ಕುರಿಕೆಯವಳು, ತೆಂಗಿನ ತೋಟದ ಮನೆಯವಳು, ಚಿಕ್ಕನಾಯಕನಹಳ್ಳಿಯ ಒಂದು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅಟೆಂಡರ್. ನಾನು ಅವಳನ್ನ ಅಕ್ಕ ಅಂತಿದ್ದೆ, ಅವಳು ನನ್ನ ಮಿಸ್ ಅಂತಿದ್ದಳು. ಸಾಯಂಕಾಲ ಕಚೇರಿ ಮುಗಿಸಿ ಬಸ್ಸಲ್ಲಿ ತಿಪಟೂರಿಗೆ ಬಂದು, ಒಂದು ಗಂಟೆ ಟೈಪ್ ಮಾಡಿ, ಆಮೇಲೆ ಊರಿನ ಬಸ್ ಹಿಡಿಯೋಳು. ಅಟೆಂಡರುಗಳಿಗೆ ಟೈಪಿಸ್ಟ್ ಆಗೋಕೆ ಒಂದು ದಾರಿ ಇತ್ತು. ತುಮಕೂರಿಗೆ ಹೋಗಿ ಹತ್ತು ನಿಮಿಷದ ಪರೀಕ್ಷೆ ಕೊಡಬೇಕು, ನಿಮಿಷಕ್ಕೆ ಮೂವತ್ತು ಪದ. ಅಕ್ಕ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತೆ, ಮತ್ತೆ ಕರೆಯೋದಿಲ್ಲ.

"ಬೆಲ್ಲಿಗೆ ಎದ್ದು ಎದ್ದು ಸಾಕಾಗೈತೆ ಮಿಸ್," ಅಂದಿದ್ದಳು ಸೇರಿದ ದಿನ. "ಸಾಹೇಬ್ರು ಬೆಲ್ ಹೊಡೀಬೇಕು, ನಾನು ಕುರ್ಚಿ ಮ್ಯಾಲೆ ಕುಂತಿರ್ಬೇಕು, ಏಳಬಾರ್ದು. ಅಷ್ಟಾದ್ರೆ ಸಾಕು ನಂಗೆ."

ಅಷ್ಟು ಚಿಕ್ಕ ಆಸೆ. ಅದನ್ನ ಪೂರೈಸಿಯೇ ತೀರ್ತೀನಿ ಅಂತ ನಾನು ಮನಸ್ಸಿನಲ್ಲೇ ಶಪಥ ಮಾಡಿದೆ. ಶಪಥ ಮಾಡೋದರಲ್ಲೂ ನಾನು ಬೇಗವೇ.

ಟೈಪಿಂಗ್ ಕಲಿಸೋಕೆ ನನ್ನ ಹತ್ತಿರ ಒಂದು ಹಳೇ ಪ್ರೋಗ್ರಾಂ ಇತ್ತು. ಪರದೆ ಮೇಲೆ ಕೀಬೋರ್ಡಿನ ಚಿತ್ರ, ಅದರ ಮೇಲೆ ಎರಡು ದೊಡ್ಡ ಕೈ. ಯಾವ ಅಕ್ಷರ ಒತ್ತಬೇಕೋ ಆ ಬೆರಳು ಕೆಂಪಗಾಗೋದು. ಹತ್ತು ನಿಮಿಷದ ಪರೀಕ್ಷೆ ಶುರುವಾದಾಗ ಒಂದು ಸಲ ಕೀಂಯ್ ಅನ್ನೋದು, ಮುಗಿದಾಗ ಎರಡು ಸಲ. ತುಮಕೂರಿನ ಪರೀಕ್ಷೆಯಲ್ಲೂ ಇದೇ ಪ್ರೋಗ್ರಾಂ ಅಂತ ಸುದ್ದಿ ಇದ್ದಿದ್ದರಿಂದ ಅದಕ್ಕೆ ಭಾರೀ ಮರ್ಯಾದೆ. ಅದು ಓಡ್ತಿದ್ದ ಹಳೇ ಮಿಷನ್ ಒಂದು ದಿನ ಹೊಗೆ ಬಿಟ್ಟು ತೀರಿಕೊಳ್ತು. ಆಮೇಲೆ ತಂದ ಮಿಷನ್ನುಗಳಲ್ಲಿ ಆ ಪ್ರೋಗ್ರಾಂ ಜಪ್ಪಯ್ಯ ಅಂದ್ರೂ ಏಳಲಿಲ್ಲ.

ಆಗ ಸಿಕ್ಕಿದ್ದು ಎಮ್ಯುಲೇಟರ್. ಹೊಸ ಮಿಷನ್ನಿನೊಳಗೆ ಕೂತು ಹಳೇ ಮಿಷನ್ನಿನ ವೇಷ ಹಾಕೋ ಸಾಫ್ಟ್‌ವೇರ್ ಅದು. ಹಳೇ ಪ್ರೋಗ್ರಾಂ ಕಣ್ಣು ಬಿಟ್ಟು ನೋಡಿ, ಓ, ಇದು ನಮ್ಮ ಹಳೇ ಮನೇನೇ ಅಂದ್ಕೊಂಡು ಕೆಲಸಕ್ಕೆ ತೊಡಗುತ್ತೆ. ಒಂದು ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿ.ಡಿ.ಯಲ್ಲಿತ್ತು. ಓಪನ್ ಸೋರ್ಸ್ ಅಂತಾರಲ್ಲ, ಆ ಜಾತಿ. ಸಾರಿನ ಜೊತೆ ಸಾರು ಮಾಡೋ ವಿಧಾನವನ್ನೂ ಬರೆದು ಕೊಟ್ಟಿರ್ತಾರೆ. ಉಪ್ಪು ಕಮ್ಮಿ ಅನ್ನಿಸಿದರೆ ನೀವೇ ಹಾಕಬಹುದು, ಹಾಕಿದೆ ಅಂತ ಅವರಿಗೆ ಬರೆದು ಕಳಿಸಲೂಬಹುದು. ಇಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ನಾನು ಪ್ರೋಗ್ರಾಮಿಂಗ್ ಕಲಿತಿದ್ದೆ, ಹಾಗಾಗಿ ಆ ವಿಧಾನ ಓದೋಕೆ ಬರ್ತಿತ್ತು.

ಎಮ್ಯುಲೇಟರ್ ಹಾಕಿದ್ದೇ ಹಾಕಿದ್ದು, ನನ್ನ ಅಟ್ಟಕ್ಕೆ ಶುಕ್ರದೆಸೆ ಬಂತು. ಬಸ್ ಸ್ಟ್ಯಾಂಡ್ ಹತ್ತಿರದ ಇನ್‌ಸ್ಟಿಟ್ಯೂಟಿನಲ್ಲಿ ಇಪ್ಪತ್ತು ದಾಟದ ಹುಡುಗೀರು ನನ್ನ ಏಣಿ ಹತ್ತಿದ ದಿನವೇ ಇಪ್ಪತ್ತೆಂಟು ಹೊಡೆಯೋರು. ತುರುವೇಕೆರೆಯಿಂದ ಬರ್ತಿದ್ದ ಒಬ್ಬಳು ಮೂರೇ ವಾರಕ್ಕೆ ಅರವತ್ತು ಮುಟ್ಟಿದಳು. ಅವಳ ತಂಗೀನೂ ಸೇರಿದಳು, ತಂಗಿಯ ಗೆಳತೀನೂ ಸೇರಿದಳು. ಅಕ್ಕನದು ಮೂವತ್ತಾರು ಬಂತು. ಅವಳು ಮಾರನೇ ದಿನ ಆರು ಎಳನೀರು ಹೊತ್ಕೊಂಡು ಬಂದು, "ನಿಮ್ ಕೈಗುಣ ಮಿಸ್" ಅಂದಳು. ನಾನು ಅಲ್ಲ ಅನ್ನಲಿಲ್ಲ. ನನ್ನ ಕೈಗುಣವೇ ಇರಬೇಕು ಅಂತ ನಂಬಿಕೊಂಡು ಎರಡು ಎಳನೀರು ಕುಡಿದೆ.

ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಒಂದು ಸಾಯಂಕಾಲ ಅಬ್ಬಾ ಕೆಳಗಿಂದ ಕೋಲು ತಗೊಂಡು ಹಲಗೆ ತಟ್ಟಿದರು.

"ಬೇಟಾ, ನಿನ್ನ ಮಿಷನ್ ಹತ್ತು ನಿಮಿಷ ಅಂತ ಹೇಳಿ ಹದಿನಾಲ್ಕು ನಿಮಿಷ ಹದಿನೇಳು ಸೆಕೆಂಡು ತಗೊಳ್ತಾ ಐತೆ."

ಅಂಗಡಿಯಲ್ಲಿ ಕೂತು ಅವರು ಕೀಂಯ್‌ನಿಂದ ಕೀಂಯ್‌ವರೆಗೆ ಲೆಕ್ಕ ಹಾಕ್ತಿದ್ದರಂತೆ. ಯಾರಾದ್ರೂ ಹಾಡು ಕೇಳ್ತಾರೆ, ಯಾರಾದ್ರೂ ಬೀದಿ ನೋಡ್ತಾರೆ, ನಮ್ಮ ಅಬ್ಬಾ ಇಂಥದ್ದು. ನನಗೆ ಮೈಯೆಲ್ಲ ಉರೀತು. ತಕ್ಷಣ ಪ್ರೋಗ್ರಾಂ ಶುರು ಮಾಡಿ, ಕೈ ಕಟ್ಟಿಕೊಂಡು ಕೂತು, ನನ್ನ ವಾಚಿನಲ್ಲಿ ನೋಡಿದೆ. ಸರಿಯಾಗಿ ಹತ್ತು ನಿಮಿಷ. ಒಂದು ಸೆಕೆಂಡು ಆಚೀಚೆ ಇಲ್ಲ. ನಾನು ಏಣಿ ಇಳಿದು ಹೋಗಿ, ಮೂರು ಜನ ಗಿರಾಕಿಗಳ ಎದುರಿಗೆ, ಅವರ ದೊಡ್ಡ ಪೆಂಡುಲಂ ಗಡಿಯಾರ ತೋರಿಸಿ, "ಈ ಮುದುಕನ ಕಾಲಿಗೆ ಮೊದಲು ಎಣ್ಣೆ ಬಿಡಿ, ಆಮೇಲೆ ನನ್ನ ಮಿಷನ್ನಿನ ತಪ್ಪು ಹುಡುಕಿ" ಅಂದುಬಿಟ್ಟೆ.

ಅಬ್ಬಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಗಡಿಯಾರ ಅವರ ಉಸ್ತಾದರದ್ದು. ಅದಕ್ಕೆ ಬೈದಿದ್ದು ಅವರ ಉಸ್ತಾದರಿಗೆ ಬೈದ ಹಾಗೆ.

ಮೂರನೇ ದಿನ ಜೇಬು ಗಡಿಯಾರ ಹಿಡ್ಕೊಂಡು ಅವರೇ ಏಣಿ ಹತ್ತಿ ಬಂದರು. ಅಕ್ಕನ ಪಕ್ಕ ಸ್ಟೂಲ್ ಎಳಕೊಂಡು ಕೂತು, "ಟೈಪ್ ಮಾಡಮ್ಮ" ಅಂದರು. ಅಕ್ಕ ಗಾಬರಿಯಿಂದ ಟೈಪ್ ಮಾಡಿದಳು. ಎರಡು ಕೀಂಯ್ ಆದಾಗ ಅಬ್ಬಾ ಗಡಿಯಾರವನ್ನ ನನ್ನ ಮೂಗಿನ ಹತ್ತಿರ ಹಿಡಿದರು. ಹದಿನಾಲ್ಕು ನಿಮಿಷ, ಹದಿನೇಳು ಸೆಕೆಂಡು. ಬಂದ ಹಾಗೇ ಇಳಿದು ಹೋದರು.

ನನಗೆ ಆಗ ಹೊಳೀತು. ಸುಮ್ಮನೆ ಕೂತರೆ ಸಮಯ ಸರಿ, ಟೈಪ್ ಮಾಡಿದರೆ ಮಾತ್ರ ನಿಧಾನ. ಒಂದೊಂದು ಅಕ್ಷರಕ್ಕೂ ಆ ಕೆಂಪು ಬೆರಳು ಬಿಡಿಸೋದರಲ್ಲೇ ನನ್ನ ಬಡ ಮಿಷನ್ನಿನ ಜೀವ ಹೋಗ್ತಿತ್ತು, ಆ ಹೊತ್ತಿನಲ್ಲಿ ಗಡಿಯಾರ ನೋಡಿಕೊಳ್ಳೋಕೆ ಪುರುಸೊತ್ತಿರಲಿಲ್ಲ. ಅಂದರೆ ಹುಡುಗೀರಿಗೆಲ್ಲ ಹತ್ತು ನಿಮಿಷ ಅಂತ ಹೇಳಿ ಹದಿನಾಲ್ಕು ನಿಮಿಷ ಕೊಟ್ಟಿದ್ದೆ. ಕೈಗುಣ ಅಂತೆ, ಕೈಗುಣ.

"ಹಂಗಾರೆ ನಂದು ಮೂವತ್ತಾರಲ್ವಾ ಮಿಸ್?" ಅಂದಳು ಅಕ್ಕ.

ಕಾಗದದ ಮೇಲೆ ಲೆಕ್ಕ ಹಾಕಿ, "ಇಪ್ಪತ್ತೈದು ಅಕ್ಕ" ಅಂದೆ.

ಅವಳು ತನ್ನ ಬೆರಳುಗಳನ್ನ ಒಂದು ಸಲ ನೋಡಿಕೊಂಡಳು. "ಹೋದ್ಸಲ ಡುಮ್ಕಿ ಹೊಡ್ದಾಗ್ಲೂ ಇಪ್ಪತ್ತೈದೇ ಇತ್ತು."

ನನಗೆ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಅನ್ನಿಸ್ತು. ಎಳನೀರು ಬೇರೆ ಕುಡಿದಿದ್ದೆ.

ಒಂದು ವಾರ ಕೂತು ಎಮ್ಯುಲೇಟರಿನ ಟೈಮರ್ ಭಾಗ ಓದಿದೆ. ಏನಾಗ್ತಿದೆ ಅಂತ ಅರ್ಥವಾದ ಸಾಯಂಕಾಲ ಅಕ್ಕನಿಗೆ ಹೇಳಿದೆ. ಅವಳ ಮೂವತ್ತಾರು ಎಲ್ಲಿ ಹೋಯ್ತು ಅಂತ ತಿಳ್ಕೊಳ್ಳೋ ಹಕ್ಕು ಅವಳಿಗಿತ್ತು.

"ಹಳೇ ಮಿಷನ್ನಿನೊಳಗೆ ಒಂದು ಟೈಮರ್ ಇರುತ್ತೆ ಅಕ್ಕ. ಸೆಕೆಂಡಿಗೆ ಹದಿನೆಂಟು ಸಲ ಬೆಲ್ ಹೊಡೆಯುತ್ತೆ. ಪ್ರೋಗ್ರಾಂ ಆ ಬೆಲ್ ಎಣಿಸ್ಕೊಂಡು ಎಷ್ಟು ಹೊತ್ತಾಯ್ತು ಅಂತ ತಿಳ್ಕೊಳ್ಳುತ್ತೆ."

"ಸೆಕೆಂಡಿಗೆ ಹದಿನೆಂಟಾ? ನಮ್ ಸಾಹೇಬ್ರೇ ವಾಸಿ ಬುಡಿ."

"ಈಗ ಆ ಬೆಲ್ ಹೊಡೀಬೇಕಾದ್ದು ಎಮ್ಯುಲೇಟರ್ರು. ಅದು ಬೆರಳಿಗೆ ಬಣ್ಣ ಹಚ್ಚೋದರಲ್ಲಿ ಮುಳುಗಿರುತ್ತೆ. ಅಷ್ಟರಲ್ಲಿ ಎರಡು ಮೂರು ಬೆಲ್ಲಿನ ಹೊತ್ತು ದಾಟಿರುತ್ತೆ. ಆಮೇಲೆ ನೆನಪಾಗಿ ಒಂದೇ ಸಲ ಹೊಡೆದು ಸುಮ್ಮನಾಗುತ್ತೆ."

ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಯ್ತು. "ನಾನು ಕಾಫಿ ತರಕ್ಕೆ ಹೋಟ್ಲಿಗೆ ಹೋಗಿರ್ತೀನಿ. ಸಾಹೇಬ್ರು ಮೂರು ಸಲ ಬೆಲ್ ಹೊಡ್ದಿರ್ತಾರೆ. ವಾಪಸ್ ಬಂದು ನಾನು ಒಳಕ್ಕೆ ಹೋಗದು ಒಂದೇ ಸಲ. ಮೂರು ಸಲ ಹೋಗಿ ನಿಂತ್ರೆ ಹುಚ್ಚು ಹಿಡ್ದೈತೆ ಅಂತಾರೆ."

"ಅದೇ ಅಕ್ಕ. ಆದ್ರೆ ಇಲ್ಲಿ ಮೂರು ಸಲವೂ ಹೋಗಿ ನಿಲ್ಲಬೇಕು. ಇಲ್ಲದಿದ್ದರೆ ಹೊತ್ತು ತಪ್ಪುತ್ತೆ."

ಮೊದಲು ನಾನು ಮಾಡಿದ ರಿಪೇರಿ ಹೀಗಿತ್ತು. ತಪ್ಪಿಹೋದ ಬೆಲ್ಲುಗಳನ್ನೆಲ್ಲ ಎಣಿಸಿ ಇಟ್ಕೊಳ್ಳೋದು, ಮಿಷನ್ನಿಗೆ ಬಿಡುವು ಸಿಕ್ಕಿದ ಕೂಡಲೇ ಒಟ್ಟಿಗೆ ಹೊಡೆಯೋದು. ತುರುವೇಕೆರೆ ಹುಡುಗಿ ಟೈಪ್ ಮಾಡ್ತಾ ಮಾಡ್ತಾ ಮೂಗು ಕೆರಕೊಳ್ಳೋಕೆ ಕೈ ಎತ್ತಿದಳು. ಬಿಡುವು ಸಿಕ್ಕಿತು ಅಂತ ಮಿಷನ್ ಅಷ್ಟೂ ಬೆಲ್ ಒಟ್ಟಿಗೆ ಬಿಡ್ತು, ಬೋರನಕಣಿವೆ ಡ್ಯಾಮಿನ ತೂಬು ಎತ್ತಿದ ಹಾಗೆ. ನಾಲ್ಕನೇ ನಿಮಿಷದಲ್ಲಿದ್ದ ಗಡಿಯಾರ ಆರರ ಹತ್ತಿರ ಹೋಗಿ ನಿಂತಿತು. ಆ ಹುಡುಗಿ ಆವತ್ತಿನಿಂದ ಮೂಗು ಕೆರಕೊಳ್ಳೋಕೂ ನನ್ನ ಅಪ್ಪಣೆ ಕೇಳೋಕೆ ಶುರು ಮಾಡಿದಳು.

ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಕ್ಕ ಕಿಟಕಿ ಹತ್ತಿರ ಕರೆದಳು. ಎದುರಿಗಿನ ಮಂಡಿಯ ಅಂಗಳದಲ್ಲಿ ಕಾಯಿ ಎಣಿಸ್ತಿದ್ದರು. ಎಣಿಸೋನು ಒಂದೊಂದು ಕೈಯಲ್ಲಿ ಎರಡೆರಡು ಕಾಯಿ ಹಿಡಿದು, ಎಸೆತಕ್ಕೆ ನಾಲ್ಕರ ಹಾಗೆ ರಾಶಿಗೆ ಹಾಕ್ತಿದ್ದ. ಮಧ್ಯೆ ಯಾರೋ ಬೀಡಿ ಕೇಳೋಕೆ ಬಂದರು. ಅವನು ಒಂದು ಕಾಯಿ ಗುರುತಿಗೆ ಪಕ್ಕಕ್ಕಿಟ್ಟು, ಮಾತಾಡಿ, ಮತ್ತೆ ಅಲ್ಲಿಂದಲೇ ಶುರು ಮಾಡಿದ.

"ನಮ್ ತೋಟ್ದಾಗೂ ಹಿಂಗೇ ಮಿಸ್," ಅಂದಳು ಅಕ್ಕ. "ಎಷ್ಟು ನಿಂತೈತೋ ಅಷ್ಟಕ್ಕೆ ಗುರುತು ಇಟ್ಕಳದು. ಆಮ್ಯಾಕೆ ನಾಕ್ ನಾಕಾಗಿ ಹಾಕ್ತಾ ಬರದು. ಎಲ್ಲಾ ಒಂದೇ ಸಲ ಸುರುದ್ರೆ ಎಣ್ಸೋನೇನು ದೇವ್ರಾ? ಎಸೆತಕ್ಕೆ ನಾಕು, ಕೊನೀಗೊಂದು ಕೊಸರು, ಮುಗೀತು."

"ಕೊಸರು ಯಾಕೆ?"

"ಎಲ್ಲೋ ಒಂದು ಕೊಳೆತಿರ್ತದೆ, ಎಲ್ಲೋ ಒಂದು ಎಣಿಕೆ ತಪ್ಪಿರ್ತದೆ. ಮ್ಯಾಲೊಂದು ಹಾಕ್ದೆ ಇದ್ರೆ ತಗಳೋರಿಗೂ ಸಮಾಧಾನ ಇರಲ್ಲ, ಕೊಡೋರಿಗೂ ಇರಲ್ಲ."

ನಾನು ಗಡಿಯಾರದವರ ಮಗಳು. ನಮಗೆ ತೋಟ ಇಲ್ಲ, ತುಡಿಕೆ ಇಲ್ಲ, ಒಂದು ತೆಂಗಿನ ಸಸಿಯೂ ಇಲ್ಲ. "ಕೊನೀಗೆ" ಅನ್ನೋ ಮಾತು ನನ್ನ ಕಿವಿಯ ಒಳಗೆ ಹೋಗಲೇ ಇಲ್ಲ. ಎಸೆತಕ್ಕೆ ನಾಕು, ಒಂದು ಕೊಸರು ಅಂತ ಮಾತ್ರ ಕೇಳಿಸ್ಕೊಂಡು ಓಡಿ ಹೋಗಿ ಕೂತೆ. ತಪ್ಪಿಹೋದ ಬೆಲ್ಲುಗಳಿಗೆ ಗುರುತು ಇಡೋದು, ಅವನ್ನ ನಾಲ್ಕು ನಾಲ್ಕಾಗಿ, ನಡುವೆ ಉಸಿರಾಡೋಕೆ ಬಿಟ್ಟು ಕೊಡೋದು, ಪ್ರತಿ ನಾಲ್ಕಕ್ಕೂ ಮೇಲೊಂದು ಕೊಸರು ಹಾಕೋದು. ಎಲ್ಲೋ ಒಂದು ಬೆಲ್ ಕೊಳೆತಿರಬಹುದಲ್ಲ. ಪ್ರೋಗ್ರಾಮಿನ ಆ ಸಾಲಿಗೆ ಕೊಸರು ಅಂತಲೇ ಹೆಸರಿಟ್ಟೆ.

ಸರಿಯಾಯ್ತಾ ಅಂತ ನೋಡೋಕೆ ನಾನು ವಾಚು ಹಿಡಿಯೋ ಗೋಜಿಗೇ ಹೋಗಲಿಲ್ಲ. ಕೆಳಗೆ ಅಬ್ಬಾ ಇದ್ದರಲ್ಲ. ಒಂದು ದಿನ ಆಯ್ತು, ಎರಡು ದಿನ ಆಯ್ತು, ಕೋಲಿನ ಸದ್ದು ಬರಲಿಲ್ಲ. ಅಬ್ಬಾ ಸುಮ್ಮನಿದ್ದಾರೆ ಅಂದರೆ ಸಮಯ ಸರಿಯಾಗಿದೆ ಅಂತಲೇ ಅರ್ಥ. ಇನ್ನು ಲೋಕಕ್ಕೂ ಉಪಕಾರ ಆಗಲಿ ಅಂತ ಬ್ರೌಸಿಂಗ್ ಸೆಂಟರಿಗೆ ಹೋಗಿ, ಆ ಎಮ್ಯುಲೇಟರ್ ನೋಡಿಕೊಳ್ತಿದ್ದವರಿಗೆ ನನ್ನ ಪ್ಯಾಚ್ ಕಳಿಸಿದೆ. ಪ್ಯಾಚ್ ಅಂತ ಅವರೂ ಅಂತಾರೆ, ನಮ್ಮ ಪಂಚರ್ ಅಂಗಡಿಯವರೂ ಅಂತಾರೆ. ಎರಡೂ ಒಂದೇ ಕೆಲಸ.

ಇತ್ತ ನನ್ನ ಅಟ್ಟದಲ್ಲಿ ಹಾಹಾಕಾರ. ಅರವತ್ತು ಹೊಡೀತಿದ್ದ ತುರುವೇಕೆರೆ ಹುಡುಗಿ ಮೂವತ್ತೊಂಬತ್ತಕ್ಕೆ ಇಳಿದಳು. ಅವಳ ತಂದೆ ಒಂದು ದಿನ ಏಣಿ ಹತ್ತಿ ಬಂದು, "ಏನ್ರೀ ಮಿಸ್, ನಮ್ಮ ಹುಡುಗಿ ಸ್ಪೀಡ್ ತೆಗ್ದುಬುಟ್ಟಿದೀರಂತೆ. ಫೀಸ್ ಕಟ್ಟಿಲ್ವೇನ್ರೀ ನಾವು? ಅದನ್ನ ವಾಪಸ್ ಹಾಕಿ" ಅಂದರು. ಅದು ಹಾಕೋ ತೆಗೆಯೋ ವಸ್ತು ಅಲ್ಲ ಅಂತ ನಾನು ಅರ್ಧ ಗಂಟೆ ವಿವರಿಸಿದೆ. ಎಲ್ಲಾ ಕೇಳಿಸ್ಕೊಂಡು, "ಸರಿ, ಐವತ್ತಾದ್ರೂ ಮಾಡ್ಕೊಡಿ" ಅಂದರು. ಆ ವಾರ ಏಳು ಜನ ಬಸ್ ಸ್ಟ್ಯಾಂಡಿನ ಇನ್‌ಸ್ಟಿಟ್ಯೂಟಿಗೆ ಹೋದರು.

ಅಕ್ಕನಿಗೆ ಇಪ್ಪತ್ತಮೂರು ಬಂತು.

"ಇಪ್ಪತ್ತೈದು ಅಂದಿದ್ರಿ. ಅದೂ ಹೋಯ್ತಾ ಮಿಸ್?"

"ಬೆರಳು ಸೋಮಾರಿ ಆಗಿದೆ ನಿಂಗೆ," ಅಂದೆ ಖಾರವಾಗಿ. ಇದನ್ನ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ. ಅಕ್ಕ ದಿನಾ ಹೊರಡುವಾಗ "ಬತ್ತೀನಿ ಮಿಸ್" ಅನ್ನೋಳು, ಆವತ್ತು ಅನ್ನಲಿಲ್ಲ. ಚೀಲ ಎತ್ತಿಕೊಂಡು ಇಳಿದು ಹೋದಳು. ಹಲಗೆ ಸಂದಿಯಿಂದ ಅಬ್ಬಾನ ದನಿ ಕೇಳಿಸಿತು.

"ಏನಮ್ಮಾ, ಮುಖ ಸಣ್ಣಗಾಗೈತಲ್ಲ?"

"ಆಗಲ್ಲ ಬುಡಿ ಸಾಬ್ರೇ. ನನ್ ಹಣೇಲಿ ಕುರ್ಚಿ ಬರ್ದಿಲ್ಲ. ನಾಳೆಯಿಂದ ಬರಲ್ಲ."

ಅಬ್ಬಾ ಕೈಯಲ್ಲಿದ್ದ ಚಿಮಟ ಕೆಳಗಿಟ್ಟ ಸದ್ದು ಬಂತು. ಆಮೇಲೆ, "ಗಡಿಯಾರದ ಚಿಂತೆ ನನಗೆ ಬಿಡಮ್ಮ. ನೀನು ಬೆರಳು ನೋಡ್ಕೋ. ನಾಳೆ ಬಾ" ಅಂದರು. ಅಬ್ಬಾ ಎಲ್ಲರಿಗೂ ಸಮಾಧಾನ ಹೇಳೋ ರೀತಿ ಅದೇ ಅಂದ್ಕೊಂಡು ನಾನು ಮಿಷನ್ ಆಫ್ ಮಾಡಿದೆ.

ಅಕ್ಕ ಮಾರನೇ ದಿನ ಬಂದಳು. ಬರೀ ಬರಲಿಲ್ಲ, ಛಲ ಹೊತ್ಕೊಂಡು ಬಂದಳು. ಬಸ್ಸಲ್ಲಿ ಮೊಣಕಾಲ ಮೇಲೆ ಟೈಪ್ ಮಾಡೋಳು. ಕಚೇರಿಯಲ್ಲಿ ಫೈಲಿನ ಕಟ್ಟಿನ ಮೇಲೆ, ಕಾಫಿ ತಟ್ಟೆಯ ಅಂಚಿನ ಮೇಲೆ ಟೈಪ್ ಮಾಡೋಳು. ಕೈ ನಡುಗ್ತಾ ಇದೆ ಅಂದ್ಕೊಂಡು ಸಾಹೇಬರು ಅವಳಿಗೆ ಎರಡು ದಿನ ಜ್ವರದ ರಜೆ ಕೊಟ್ಟರಂತೆ. ಆ ಎರಡು ದಿನವೂ ನನ್ನ ಅಟ್ಟದಲ್ಲಿ ಕೂತು ಟೈಪ್ ಮಾಡಿದಳು. ಇಪ್ಪತ್ತಾರು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತರಲ್ಲಿ ಹತ್ತು ದಿನ ನಿಂತುಬಿಟ್ಟಳು. ಪರೀಕ್ಷೆಗೆ ಎರಡು ದಿನ ಇದ್ದಾಗ ಮೂವತ್ತೊಂದು ಬಂತು. ಅವಳು ನಗಲಿಲ್ಲ. ಒಮ್ಮೆ ಮೂವತ್ತಾರು ನೋಡಿ ಮೋಸ ಹೋದವಳು ಅವಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳನ್ನ ತುಮಕೂರಿನ ಬಸ್ ಹತ್ತಿಸಿ, ನಾನು ಸೀದಾ ಬ್ರೌಸಿಂಗ್ ಸೆಂಟರಿಗೆ ಹೋದೆ. ಉತ್ತರ ಬಂದಿತ್ತು. ಯಾವ ದೇಶದವನೋ, ಬಹಳ ವಿನಯವಾಗಿ ಬರೆದಿದ್ದ. ಕಳೆದುಹೋದ ಬೆಲ್ಲುಗಳಿಗೆ ಗುರುತಿಟ್ಟು ನಾಲ್ಕು ನಾಲ್ಕಾಗಿ ಕೊಡೋ ಉಪಾಯ ಅವನಿಗೆ ಹಿಡಿಸಿತ್ತು. ಆದರೆ ಪ್ರತಿ ನಾಲ್ಕಕ್ಕೂ ಐದನೆಯದೊಂದು ಯಾಕೆ ಸೇರಿಸಿದ್ದೀರಿ, ಕೊಸರು ಅನ್ನೋದು ಯಾವ ಸೂತ್ರ, ಎಲ್ಲಿ ಓದಬಹುದು ಅಂತ ಕೇಳಿದ್ದ.

ನನಗೆ ಪಿತ್ತ ನೆತ್ತಿಗೇರಿತು. ಅದು ಸೂತ್ರ ಅಲ್ಲ ಸ್ವಾಮಿ, ಸಂಸ್ಕಾರ. ನಮ್ಮ ಕಡೆ ಕೊಸರು ಹಾಕದ ವ್ಯಾಪಾರಿಯ ಹತ್ತಿರ ಎರಡನೇ ಸಲ ಯಾರೂ ಹೋಗೋದಿಲ್ಲ, ನಿಮ್ಮ ಕಡೆ ಎಣಿಸಿದಷ್ಟೇ ಕೊಟ್ಟು ಕೈ ಒರೆಸಿಕೊಳ್ಳೋ ಪದ್ಧತಿ ಇದ್ದರೆ ಅದು ನಿಮ್ಮ ಕರ್ಮ ಅಂತ ಒಂದು ಪುಟ ಬರೆದು ಕಳಿಸಿದೆ. ಅಂಥ ತೃಪ್ತಿ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಮೆಟ್ಟಿಲು ಇಳೀತಾ ಇದ್ದೆ. ಆರನೇ ಮೆಟ್ಟಿಲಿನಲ್ಲಿ ಕಾಲು ನಿಂತುಹೋಯ್ತು. ಪ್ರತಿ ನಾಲ್ಕಕ್ಕೂ ಒಂದು.

ನೂರು ಬೆಲ್ಲಿನಲ್ಲಿ ಮೂವತ್ತು ತಪ್ಪಿಹೋಗ್ತವೆ. ಆ ಮೂವತ್ತನ್ನ ನಾಲ್ಕು ನಾಲ್ಕಾಗಿ ಕೊಟ್ಟರೆ ಏಳೂವರೆ ಎಸೆತ. ಅಂದರೆ ಏಳೂವರೆ ಬೆಲ್ ಜಾಸ್ತಿ. ನನ್ನ ಗಡಿಯಾರ ಮತ್ತೆ ಸುಳ್ಳು ಹೇಳ್ತಾ ಇತ್ತು. ಅಕ್ಕನನ್ನ ಸುಳ್ಳು ಗಡಿಯಾರದ ಮುಂದೆ ಒಂದೂವರೆ ತಿಂಗಳು ಕೂರಿಸಿ, ಕೊನೇ ಸಲದ ಪರೀಕ್ಷೆಗೆ ಬಸ್ ಹತ್ತಿಸಿ ಬಂದಿದ್ದೆ. ಬಾಳೆಹಣ್ಣಿನ ಗಾಡಿಯವನ ಹತ್ತಿರ ಪೆನ್ನು ಇಸಕೊಂಡು ಅಂಗೈ ಮೇಲೆ ಲೆಕ್ಕ ಬರೆದೆ. ಮೂರು ಸಲ ಬರೆದ ಮೇಲೆ ತಲೆಗೆ ಹೋಯ್ತು. ಈ ಸಲ ಗಡಿಯಾರ ಹಿಂದೆ ಬಿದ್ದಿರಲಿಲ್ಲ, ಮುಂದೆ ಓಡಿತ್ತು. ಹತ್ತು ನಿಮಿಷ ಅಂತ ಹೇಳಿ ಒಂಬತ್ತೂಕಾಲು ನಿಮಿಷ ಕೊಟ್ಟಿತ್ತು. ಇಲ್ಲಿನ ಮೂವತ್ತೊಂದು ಅಂದರೆ ಅಲ್ಲಿ ಮೂವತ್ತಮೂರು. ನಾನು ಗಾಡಿ ಹಿಡ್ಕೊಂಡು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಬಾಳೆಹಣ್ಣಿನವನು ಪೆನ್ನು ವಾಪಸ್ ಇಸಕೊಂಡು ಗಾಡೀನ ಸ್ವಲ್ಪ ಆಚೆಗೆ ತಳ್ಳಿಕೊಂಡ.

ಸಾಯಂಕಾಲ ಅಕ್ಕ ಬಸ್ ಇಳಿದು ಸೀದಾ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೆಲ್ಸ ಕೆಟ್ಟೋಯ್ತು ಮಿಸ್. ಅಲ್ಲಿ ಗಡಿಯಾರನೇ ಸರಿ ಇಲ್ಲ. ಕೊಟ್ಟಿದ್ ಮುನ್ನೂರು ಪದನೂ ಟೈಪ್ ಮಾಡ್ದೆ, ಇನ್ನೂ ಕೀಂಯ್ ಅನ್ಲಿಲ್ಲ. ಕೈ ಕಟ್ಕಂಡು ಕುಂತೆ, ಆಗ್ಲೂ ಅನ್ಲಿಲ್ಲ. ಅಲ್ಲಿದ್ದ ಸಾರನ್ನ ಕರ್ದು, ಸಾರ್, ನಿಮ್ ಗಡಿಯಾರ ನಿಧಾನ ಐತೆ, ತಿಪಟೂರಾಗೆ ನಮ್ ಸಾಬ್ರವ್ರೆ, ಒಂದ್ಸಲ ತೋರ್ಸಿ ಅಂದೆ. ಎಲ್ರೂ ನಕ್ರು. ಆ ಸಾರು ನನ್ ನಂಬರ್ ಬರ್ಕಂಡ್ರು. ಫೇಲ್ ಮಾಡಕ್ಕೇ ಬರ್ಕಂಡಿರದು."

ನನಗೆ ಎಲ್ಲಾ ಹೇಳಿಬಿಡಬೇಕು ಅನ್ನಿಸ್ತು. ಆದರೆ ಸೋಮಾರಿ ಬೆರಳು ಅಂತ ಬೈದಿದ್ದು ನಾಲಿಗೆಗೆ ಅಡ್ಡ ಬಂತು. "ಏನೂ ಆಗಲ್ಲ ಹೋಗಕ್ಕ" ಅಂತ ಮಾತ್ರ ಹೇಳಿ ಅವಳನ್ನ ಊರಿನ ಬಸ್ಸಿಗೆ ಕಳಿಸಿದೆ. ಅಟ್ಟಕ್ಕೆ ಹೋಗಿ ಕೊಸರಿನ ಸಾಲು ಅಳಿಸಿ ಹಾಕಿದೆ. ಮಾರನೇ ದಿನ ಆ ಹೊರದೇಶದವನಿಂದ ಎರಡು ಸಾಲು ಬಂದಿತ್ತು. ನಿಮ್ಮ ಕೊಸರಿನ ವಿವರಣೆ ಓದಿ ಮನೆಯವರಿಗೂ ಓದಿ ಹೇಳಿದೆ, ಸೊಗಸಾದ ಪದ್ಧತಿ. ಆ ಸಾಲು ಬಿಟ್ಟು ಉಳಿದಿದ್ದನ್ನೆಲ್ಲ ಸೇರಿಸಿಕೊಂಡಿದ್ದೇನೆ. ಸಿಟ್ಟಿಗೆ ಸಿಟ್ಟು ಕೊಡದವರ ಹತ್ತಿರ ಜಗಳ ಆಡೋದು ಬಹಳ ಕಷ್ಟ.

ಒಂದೂವರೆ ತಿಂಗಳ ಮೇಲೆ ಅಕ್ಕ ಕೊಬ್ಬರಿ ಮಿಠಾಯಿ ಡಬ್ಬಿ ಹಿಡ್ಕೊಂಡು ಅಂಗಡಿಗೇ ಬಂದಳು. ಪಾಸಾಗಿ, ಆರ್ಡರ್ ಬಂದು, ಕುರ್ಚಿ ಮೇಲೆ ಕೂತು ಮೂರು ದಿನ ಆಗಿತ್ತು. ಆ ಸಾರು ನಂಬರ್ ಬರೆದುಕೊಂಡಿದ್ದು ಯಾಕೆ ಅಂತ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಅಬ್ಬಾ ಯಾರದೋ ವಾಚಿನ ಹೊಟ್ಟೆ ಬಿಚ್ಚಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ನಾನು ಅವರ ಪಕ್ಕದ ಸ್ಟೂಲಿನ ಮೇಲಿದ್ದೆ.

"ಬೆಲ್ ಆಯ್ತಾ ಅಕ್ಕ?" ಅಂತ ಕೇಳಿದೆ.

"ಮೊದಲ್ನೇ ದಿನವೇ ಆಯ್ತು. ಎದ್ದೇಬುಟ್ಟೆ ಮಿಸ್. ಸಾಹೇಬ್ರ ಬಾಗ್ಲ ತಂಕ ಹೋಗಿ ನಿಂತಿದ್ದೆ. ಹೊಸಾ ಅಟೆಂಡರು ನನ್ ಮುಖ ನೋಡ್ತಾನೆ, ನಾನು ಅವನ್ ಮುಖ ನೋಡ್ತೀನಿ. ಆಮ್ಯಾಕೆ ವಾಪಸ್ ಬಂದು ಕುಂತೆ. ಎರಡ್ನೇ ಸಲ ಬೆಲ್ ಆದಾಗ ಎರಡೂ ಕೈಲಿ ಕುರ್ಚಿ ಗಟ್ಟಿಯಾಗಿ ಹಿಡ್ಕಂಡೆ. ಏಳ್ಲಿಲ್ಲ." ಹೇಳ್ತಾ ಹೇಳ್ತಾ ಅವಳ ಕಣ್ಣು ತುಂಬಿತು.

ಇನ್ನು ತಡೆದುಕೊಳ್ಳೋಕೆ ನನ್ನ ಕೈಲಿ ಆಗಲಿಲ್ಲ. ಎಸೆತದ ಕತೆ, ಕೊಸರಿನ ಕತೆ, ಅವಳ ಹತ್ತು ನಿಮಿಷದಲ್ಲಿ ನಾನು ಮುಕ್ಕಾಲು ನಿಮಿಷ ಕದ್ದ ಕತೆ, ಎಲ್ಲಾ ಹೇಳಿದೆ. ನಿನ್ನ ಬೆರಳು ಸೋಮಾರಿ ಆಗಿರಲಿಲ್ಲ, ನನ್ನ ತಪ್ಪು, ಮನ್ನಿಸಿಬಿಡು ಅಂದೆ. ಅಕ್ಕ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಳು.

"ಎಸೆತಕ್ಕೊಂದು ಕೊಸರು ಹಾಕಿದ್ರಾ? ಅಯ್ಯೋ ಮಿಸ್ಸೇ, ನಮ್ಮಪ್ಪ ಹಂಗೆ ಹಾಕಿದ್ರೆ ತೋಟನೇ ಕೊಸರಿಗೆ ಹೋಗಿರದು."

ನನಗೂ ನಗು ಬಂತು, ನಗುವಿನ ಹಿಂದೆಯೇ ಒಂದು ಅನುಮಾನವೂ ಬಂತು. ಅಬ್ಬಾನ ಕಡೆ ಕೈ ತೋರಿಸಿ, "ಇವರು ಕೆಳಗೇ ಇದ್ದರಲ್ಲ. ನಿಧಾನ ಇದ್ದಾಗ ಹಲಗೆ ಮುರಿಯೋ ಹಾಗೆ ತಟ್ಟಿದರು, ಜೋರು ಓಡಿದಾಗ ಗೊತ್ತೇ ಆಗಲಿಲ್ಲವಂತೆ. ವಯಸ್ಸಾಯ್ತು, ಕಿವಿ ಮಂದ" ಅಂದೆ.

"ಒಂಬತ್ತು ನಿಮಿಷ ಹದಿನೆಂಟು ಸೆಕೆಂಡು," ಅಂದರು ಅಬ್ಬಾ, ತಲೆ ಎತ್ತದೆ. "ಮೊದಲನೇ ದಿನದಿಂದ. ಈಯಮ್ಮನ ಪರೀಕ್ಷೆ ಆದ ಮಾರನೇ ದಿನದಿಂದ ಸರಿಯಾಗಿ ಹತ್ತು."

ಅಕ್ಕನ ನಗು ನಿಂತಿತು. ನಾನು ಸ್ಟೂಲಿನಿಂದ ಎದ್ದೆ.

"ಗೊತ್ತಿದ್ದೂ ಒಂದೂವರೆ ತಿಂಗಳು ಸುಮ್ಮನಿದ್ದಿರಾ? ಐದು ನಿಮಿಷ ಮುಂದಿಡಲ್ಲ ಅಂತ ಮೇಷ್ಟ್ರ ವಾಚು ವಾಪಸ್ ಕೊಟ್ಟವರು ನೀವು. ನನಗೆ ಯಾಕೆ ಹೇಳಲಿಲ್ಲ?"

ಅಬ್ಬಾ ಭೂತಗನ್ನಡಿ ತೆಗೆದು, ಮೊದಲು ಅಕ್ಕನನ್ನ ನೋಡಿದರು, ಆಮೇಲೆ ನನ್ನನ್ನ.

"ಹೇಳಿದ್ರೆ ನೀನು ಅವತ್ತೇ ರಿಪೇರಿ ಮಾಡಿಬಿಡ್ತಿದ್ದೆ," ಅಂದರು. ಅಂದು, ಡಬ್ಬಿಯಿಂದ ಒಂದು ತುಂಡು ಮಿಠಾಯಿ ತಗೊಂಡು ಬಾಯಿಗೆ ಹಾಕ್ಕೊಂಡು, ಮತ್ತೆ ಆ ವಾಚಿನ ಮೇಲೆ ಬಗ್ಗಿದರು.